ಎರಡನೇ ಸಾಲಿನಿಂದ ಎದ್ದು ಹೋದವಳು

ನನ್ನ ಹೆಂಡತಿ ಹುಟ್ಟಿದ್ದು ಆಸ್ಪತ್ರೆಯಲ್ಲೇ ಆದರೂ, ಹುಟ್ಟುವುದಕ್ಕೆ ಹೊರಟದ್ದು ಮಾತ್ರ ಒಂದು ನಾಟಕದ ಮಧ್ಯದಲ್ಲಿ.

ಆ ಸಂಜೆ ನನ್ನ ಅತ್ತೆ ಪುರಭವನದ ಎರಡನೇ ಸಾಲಿನಲ್ಲಿ, ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ರಂಗದ ಮೇಲೆ ದೋಣಿ ನಡೆಸುವ ಒಬ್ಬ ಹೆಂಗಸು. ಅವಳ ನದಿಗೆ ಸೇತುವೆ ಕಟ್ಟಿ ಮುಗಿದಿದೆ, ನಾಳೆ ಬೆಳಗ್ಗೆ ಅದು ತೆರೆಯುತ್ತದೆ, ದೋಣಿಗೆ ಇವತ್ತೇ ಕೊನೆಯ ದಿನ. ಎಲ್ಲೆಲ್ಲೂ ಮಂಜು. ಅವಳು ದೋಣಿಯನ್ನು ಗೂಟಕ್ಕೆ ಕಟ್ಟಿ ಮನೆಗೆ ಹೊರಟಿದ್ದಾಳೆ, ಅಷ್ಟರಲ್ಲಿ ಆಚೆ ದಡದಿಂದ ಯಾರೋ ಕೂಗುತ್ತಾರೆ: "ದೋಣೀ... ಓ ದೋಣೀ!" ಗಂಡು ದನಿಯೋ ಹೆಣ್ಣು ದನಿಯೋ ಗೊತ್ತಾಗುವುದಿಲ್ಲ. ದೋಣಿಯವಳು ಕಿವಿಗೊಟ್ಟು ನಿಲ್ಲುತ್ತಾಳೆ. ಸರಿಯಾಗಿ ಅದೇ ಹೊತ್ತಿಗೆ ಅತ್ತೆಯ ಹೊಟ್ಟೆಯೊಳಗಿನಿಂದ ನನ್ನ ಹೆಂಡತಿಯೂ ಕೂಗು ಹಾಕಿದಳು. ಅತ್ತೆ ಎದ್ದರು. ಸಾಲಿನಲ್ಲಿದ್ದವರ ಕಾಲು ತುಳಿಯುತ್ತ, ಹಲ್ಲು ಕಚ್ಚಿಕೊಂಡು ಹೊರಗೆ ನಡೆದರು.

ಆಚೆ ದಡದಿಂದ ಕೂಗಿದವರು ಯಾರು ಎಂಬುದು ಅವರಿಗೆ ಮೂವತ್ತೆರಡು ವರ್ಷ ಗೊತ್ತಾಗಲಿಲ್ಲ.

ಬಾಣಂತಿ ಎದ್ದು ಓಡಾಡುವ ಹೊತ್ತಿಗೆ ಆ ತಂಡ ಒಡೆದು, ನಟಿ ಬೇರೆ ಊರು ಸೇರಿ ಆಗಿತ್ತು. ಕೊನೆಯವರೆಗೆ ನೋಡಿದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಯಾರಾದರೂ "ಅಯ್ಯೋ, ಅದಾ? ಅದು..." ಎಂದು ಬಾಯಿ ತೆರೆದರೆ ಅತ್ತೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಹೇಳ್ಬೇಡಿ! ನಾಟಕ ಅನ್ನೋದು ಕಣ್ಣಲ್ಲಿ ನೋಡೋದು, ಬೇರೆಯವರ ಬಾಯಲ್ಲಿ ಅಗಿದದ್ದನ್ನ ನುಂಗೋದಲ್ಲ." ಹೀಗೆ ಅರ್ಧ ನಾಟಕ ಹಾಗೇ ಉಳಿಯಿತು. ಮಗಳು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದರೆ, "ನಿನಗೋಸ್ಕರ ನಾನು ಅರ್ಧ ನಾಟಕ ಬಿಟ್ಟು ಬಂದೆ." ಮಗಳು ನನ್ನನ್ನು ಒಪ್ಪಿಕೊಂಡು ಮನೆಗೆ ಕರೆದುಕೊಂಡು ಹೋದ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದೂ ಅದೇ: "ಇವಳಿಗೋಸ್ಕರ ನಾನು ಅರ್ಧ ನಾಟಕ ಬಿಟ್ಟಿದ್ದೀನಿ. ಚೆನ್ನಾಗಿ ನೋಡ್ಕೊಳ್ಳಿ."

ಅತ್ತೆಯದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ, ಒಂದು ತುದಿಯಲ್ಲಿ ಗುಡುಗುಡು ತಿರುಗುವ ಒಗೆಯುವ ಯಂತ್ರಗಳು, ಇನ್ನೊಂದು ತುದಿಯಲ್ಲಿ ಉಗಿ ಕಾರುವ ಇಸ್ತ್ರಿಯ ಉರುಳೆಗಳು. ಹಾಸಿಗೆಯ ಹೊದಿಕೆ ಉರುಳೆಯಿಂದ ಬಿಸಿಯಾಗಿ ಹೊರಬರುತ್ತಿದ್ದಂತೆ ಇಬ್ಬರು ಎದುರುಬದುರು ನಿಂತು ತುದಿ ಹಿಡಿದು, ಕೊಡವಿ, ಮಡಿಸಿ, ಹತ್ತಿರ ಬಂದು, ಮತ್ತೆ ದೂರ ಸರಿಯಬೇಕು. ಮೂವತ್ತೈದು ವರ್ಷ ಇದನ್ನೇ ಮಾಡಿದ ಅವರ ನಡಿಗೆಯಲ್ಲೇ ಒಂದು ಕುಣಿತ ಸೇರಿಕೊಂಡಿತ್ತು. ನಾಟಕದ ಹುಚ್ಚು ಹಿಡಿದದ್ದೂ ಅಲ್ಲಿಯೇ. ಒಮ್ಮೆ ನಾಟಕದವರ ಒಗೆಯುವ ಯಂತ್ರ ಕೆಟ್ಟಾಗ ಅವರ ಉಡುಪುಗಳು ಒಂದು ತಿಂಗಳು ಆಸ್ಪತ್ರೆಗೆ ಬಂದವು. ಚಕ್ರವರ್ತಿಯ ನಿಲುವಂಗಿಯ ಕಂಕುಳಲ್ಲಿ ಬೆವರಿನ ಬಿಳಿ ಗೆರೆ, ಭಿಕ್ಷುಕಿಯ ಹರಕು ಸೀರೆಯಲ್ಲಿ ಅತ್ತರಿನ ವಾಸನೆ! ಅದನ್ನು ಉಟ್ಟವರನ್ನು ನೋಡಲೇಬೇಕೆಂದು ಹೋದವರು, ಮತ್ತೆ ಬಿಡಲಿಲ್ಲ. ದೊಡ್ಡ ನಾಟಕ, ಸಣ್ಣ ನಾಟಕ, ಶಾಲೆಯ ಮಕ್ಕಳದ್ದು, ಕೊನೆಗೆ ಹಲ್ಲಿನ ಆರೋಗ್ಯದ ಬಗ್ಗೆ ಇಲಾಖೆಯವರು ಆಡಿಸಿದ್ದನ್ನೂ ನೋಡಿದ್ದಾರೆ. ಕೂರುವುದು ಮಾತ್ರ ಎರಡನೇ ಸಾಲಿನಲ್ಲೇ. "ಮೊದಲನೇ ಸಾಲಲ್ಲಿ ಕೂತ್ರೆ ಉಗುಳು ಹಾರುತ್ತೆ, ಮೂರನೇದ್ರಲ್ಲಿ ಕೂತ್ರೆ ಮುಂದಿನವರ ಜುಟ್ಟು ಅಡ್ಡ ಬರುತ್ತೆ" ಎಂಬುದು ಅವರ ಸಿದ್ಧಾಂತ. ಇಸ್ತ್ರಿಯ ಕೋಣೆಯಲ್ಲಿ ಅವರ ಹೆಸರೇ "ಎರಡನೇ ಸಾಲು."

ಈ ವರ್ಷ ಒಂದು ದಿನ ಅವರು ಕೆಲಸದಿಂದ ನೇರವಾಗಿ ನಮ್ಮ ಮನೆಗೆ ಬಂದರು. ಚಪ್ಪಲಿ ಕೂಡ ಬಿಡಲಿಲ್ಲ. ಕೈಯಲ್ಲಿ ಗೋಡೆಯಿಂದ ಕಿತ್ತ ಒಂದು ಕಾಗದ, ಮೂಲೆಗಳಲ್ಲಿ ಇನ್ನೂ ಅಂಟು.

"ಬರ್ತಿದ್ದಾಳೆ!" ಎಂದರು.

"ಯಾರು ಅತ್ತೆ?"

"ದೋಣಿಯವಳು!"

ಹೌದು, ಅದೇ ನಟಿ. ಈಗ ಎಪ್ಪತ್ತಮೂರು ವರ್ಷ. ಅದೇ ನಾಟಕ, ಆದರೆ ಈ ಸಲ ಒಬ್ಬರೇ, ಏಳು ಪಾತ್ರವನ್ನೂ ತಾವೇ ಆಡುತ್ತಾರಂತೆ. ಮಂಗಳವಾರದಿಂದ ಭಾನುವಾರದವರೆಗೆ ಆರು ಆಟ. ಜಾಗ ಹಳೆಯ ಗುಂಡಿ ಕಾರ್ಖಾನೆಯ ಮೂರನೇ ಮಹಡಿ. ಅಂಗಿಗೆ ಹಾಕುವ ಗುಂಡಿ ಮಾಡುತ್ತಿದ್ದ ಆ ಕೋಣೆಯನ್ನು ಯಾರೋ ಉತ್ಸಾಹಿಗಳು ಪುಟ್ಟ ರಂಗಮಂದಿರ ಮಾಡಿದ್ದಾರೆ. ಅಲ್ಲಿರುವುದು ನಲವತ್ತೆಂಟೇ ಕುರ್ಚಿ.

"ನಲವತ್ತೆಂಟಾ?" ನನ್ನ ಹೆಂಡತಿ ಹುಬ್ಬೇರಿಸಿದಳು. "ಅಮ್ಮಾ, ನಿಮ್ಮ ಇಸ್ತ್ರಿ ಕೋಣೆಯಲ್ಲಿ ಇದಕ್ಕಿಂತ ಜಾಸ್ತಿ ಜನ ಇದ್ದೀರ."

"ಅದಕ್ಕೇ ಹೇಳ್ತಿರೋದು. ಸೋಮವಾರ ಹತ್ತು ಗಂಟೆಗೆ ಫೋನಲ್ಲಿ ಟಿಕೆಟ್ ಬಿಡ್ತಾರೆ. ಎಲ್ಲರೂ ಒತ್ತಬೇಕು. ಅಳಿಯಂದ್ರೇ, ನೀವೂ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆಯೇ ಇದೆ. ಅಳಿಯನಿಗೆ ಯಾವ ಕಾಲ ಎಂದು ಯಾರೂ ಹೇಳಿಲ್ಲ. ನಾನು ಕಾರು ಕಲಿಸುವ ಕೆಲಸದವನು. ಸೋಮವಾರ ಹತ್ತಕ್ಕೆ ಐದು ನಿಮಿಷವಿದ್ದಾಗ, ಕಲಿಯಲು ಬಂದಿದ್ದ ಪಾಠಶಾಲೆಯ ಮೇಷ್ಟ್ರಿಗೆ ರಸ್ತೆ ಪಕ್ಕ ಗಾಡಿ ನಿಲ್ಲಿಸಲು ಹೇಳಿ, "ಎಡದ ದೀಪ, ಬಲದ ದೀಪ ಅಭ್ಯಾಸ ಮಾಡ್ತಾ ಇರಿ" ಎಂದು ಫೋನ್ ತೆಗೆದೆ. ನನ್ನ ಹೆಂಡತಿ ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಒಳಕೋಣೆಯಲ್ಲಿ, ಅತ್ತೆ ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗವಾದ ಮೆಟ್ಟಿಲ ಮೇಲೆ, ಅಂಚೆ ಕಚೇರಿಯಿಂದ ನಿವೃತ್ತರಾದ ನನ್ನ ಮಾವ ಮನೆಯಲ್ಲಿ. ನಾಲ್ಕು ಕಡೆಯಿಂದ ದಾಳಿ.

ಹತ್ತಾಯಿತು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ಪಕ್ಕದಲ್ಲಿ ಮೇಷ್ಟ್ರು ಎಡ, ಬಲ, ಎಡ, ಬಲ. ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತುತ್ತಿತ್ತು. ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ ಚಕ್ರ ನಿಂತು, ಒಂದು ಸಾಲು ಮೂಡಿತು: ಆರೂ ಆಟಗಳ ಟಿಕೆಟ್ ಮುಗಿದಿವೆ.

ಹೆಂಡತಿಗೂ ಅದೇ. ಅತ್ತೆಗೂ ಅದೇ. ಮಾವ ಮಾತ್ರ ಹಿಗ್ಗಿನಿಂದ ಫೋನ್ ಮಾಡಿದರು. "ನನಗೆ ಸಿಕ್ಕಿದೆ ಕಣ್ರೋ! ನಾಲ್ಕು!" ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ, ಅದು ಅದೇ ಮಂದಿರದ ಮುಂದಿನ ತಿಂಗಳ ಆಟ. ಐದು ವರ್ಷದೊಳಗಿನ ಮಕ್ಕಳಿಗೆ, ಮೊಲದ ಬೊಂಬೆಯಾಟ.

ಆ ದಿನ ಅತ್ತೆ ಮಡಿಸಿದ ಹೊದಿಕೆಗಳ ಅಂಚು ಚಾಕುವಿನಷ್ಟು ಹರಿತವಾಗಿತ್ತಂತೆ.

ಆದರೆ ಅವರು ಸೋಲೊಪ್ಪುವ ಪೈಕಿಯವರಲ್ಲ. ಸಂಜೆಯೇ ಗುಂಡಿ ಕಾರ್ಖಾನೆಯ ಮೆಟ್ಟಿಲು ಹತ್ತಿ ಹೋಗಿ ವಿಚಾರಿಸಿ ಬಂದರು. ಅಲ್ಲಿಯ ನಿಯಮ ಹೀಗಿತ್ತು: ಬರಲಾಗದವರು ಟಿಕೆಟ್ ಹಿಂದಕ್ಕೆ ಕೊಡುತ್ತಾರೆ. ಅಂಥವನ್ನು ಆಟದ ದಿನ ಸಂಜೆ ಐದಕ್ಕೆ, ಸಾಲಿನಲ್ಲಿ ನಿಂತವರಿಗೆ, ನಿಂತ ಕ್ರಮದಲ್ಲೇ ಹಂಚುತ್ತಾರೆ. ಒಬ್ಬರಿಗೆ ಒಂದೇ.

ಮಂಗಳವಾರ ಪಾಳಿ ಮುಗಿಸಿ ನಾಲ್ಕಕ್ಕೆ ಹೋದರು. ಮುಂದೆ ಇಪ್ಪತ್ತೆರಡು ಜನ. ಬುಧವಾರ ಪಾಳಿ ಬದಲಿಸಿಕೊಂಡು ಎರಡಕ್ಕೆ ಹೋದರು. ಒಂಬತ್ತನೆಯವರು. ಬಂದದ್ದು ಮೂರು ಟಿಕೆಟ್. ಗುರುವಾರ ರಜೆ ಹಾಕಿ ಹನ್ನೊಂದಕ್ಕೇ ಹೋಗಿ ಮೂರನೆಯವರಾಗಿ ನಿಂತರು. ಐದು ಗಂಟೆಗೆ ಕಿಟಕಿ ತೆರೆದು, ಕುತ್ತಿಗೆಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡ ಕೌಂಟರಿನ ಹೆಂಗಸು, "ಇವತ್ತು ಎರಡು" ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ನಿಂತು ಕೂಡ ನೋಡಬಹುದಲ್ಲ ತಾಯಿ?" ಎಂದು ಅತ್ತೆ ಕೇಳಿದರಂತೆ.

"ನಿಲ್ಲೋ ಜಾಗದಲ್ಲಿ ನದಿ ಇದೆ ಅಮ್ಮಾ," ಎಂದಳಂತೆ ಅವಳು. ದಿನಕ್ಕೆ ನೂರು ಸಲ ಇಲ್ಲ ಎನ್ನಬೇಕಾದ ಆ ಹೆಂಗಸು ಪ್ರತಿ ಸಲವೂ ಈಗಷ್ಟೇ ಮೊದಲ ಸಲ ಹೇಳುತ್ತಿರುವಂತೆ ಮುಖ ಸಪ್ಪೆ ಮಾಡಿಕೊಂಡೇ ಹೇಳುತ್ತಿದ್ದಳು. ಅದಕ್ಕೇ ಅವಳ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ.

ಶುಕ್ರವಾರ ಆಸ್ಪತ್ರೆಯ ಉಗಿ ಕೊಳವೆ ಸೋರಿ ಅತ್ತೆಗೆ ಬಿಡುವಾಗಲಿಲ್ಲ. ಶನಿವಾರ ನನ್ನ ಹೆಂಡತಿಯೂ ರಜೆ ಹಾಕಿ ಅವರ ಜೊತೆ ಹೋದಳು. ಮಧ್ಯಾಹ್ನ ನಾನು ಪಾಠಗಳ ನಡುವೆ ಬಿಸ್ಕೆಟ್ಟು, ಚಹಾ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಮೂರನೇ ಮಹಡಿಯಿಂದ ಒಂದು ಚೀತ್ಕಾರ ಕೇಳಿತು. ಅತ್ತೆಯದೇ. ಯಾರೋ ಬಿದ್ದರೆಂದು ಎರಡೆರಡು ಮೆಟ್ಟಿಲು ಹಾರಿ ಓಡಿದೆ.

ಅತ್ತೆ ಬಿದ್ದಿರಲಿಲ್ಲ. ಗೋಡೆಗೆ ಅಂಟಿಸಿದ್ದ ಒಂದು ಪತ್ರಿಕೆಯ ಪುಟದ ಮುಂದೆ, ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ನಟಿಯ ಸಂದರ್ಶನ. ನನ್ನ ಹೆಂಡತಿ ಒಂದು ಕಡೆ ಬೆರಳಿಟ್ಟು ತೋರಿಸಿದಳು. ನಾನು ಓದಿದೆ.

ನಟಿ ಹೇಳಿದ್ದರು: "ಆಚೆ ದಡದ ಕೂಗು ಕೇಳಿದ ಮೇಲೆ ದೋಣಿಯವಳು ಪೂರ್ತಿ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ನನಗೆ ನಾಟಕದಲ್ಲೆಲ್ಲ ಪ್ರಿಯವಾದದ್ದು ಆ ಮೌನ. ಆದರೆ ಒಂದು ಸಂಜೆ, ಆ ಮೌನದಲ್ಲಿ, ಎರಡನೇ ಸಾಲಿನಿಂದ ಒಬ್ಬ ಹೆಂಗಸು ಎದ್ದು ಹೊರಗೆ ನಡೆದುಬಿಟ್ಟಳು. ಬೇಸರವಾಯಿತು ಅವಳಿಗೆ, ನಾನು ಅವಳನ್ನು ಹಿಡಿದಿಡಲಾರದೆ ಹೋದೆ ಎಂದುಕೊಂಡೆ. ಮಾರನೇ ದಿನ ಮೌನವನ್ನು ಅರ್ಧ ಮಾಡಿದೆ, ಆಮೇಲೆ ತೆಗೆದೇಬಿಟ್ಟೆ. ಆ ಬೆನ್ನು ಇವತ್ತಿಗೂ ನನ್ನ ಕಣ್ಣಲ್ಲಿದೆ. ಈಗ ವಯಸ್ಸಾಯಿತು, ಯಾರು ಬೇಕಾದರೂ ಎದ್ದು ಹೋಗಲಿ ಎಂಬ ಧೈರ್ಯ ಬಂದಿದೆ. ಮೌನವನ್ನು ವಾಪಸು ತಂದಿದ್ದೇನೆ."

"ಆ ಬೆನ್ನು ನನ್ನದು," ಅತ್ತೆ ಪಿಸುಗುಟ್ಟಿದರು. "ಅಯ್ಯೋ, ಆ ಬೆನ್ನು ನನ್ನದು ಕಣೇ!"

ನನ್ನ ಹೆಂಡತಿಯ ಕಣ್ಣು ಹೊಳೆಯಿತು. "ಅಮ್ಮಾ, ನಡಿ. ಈಗಲೇ ಆ ಕೌಂಟರಿನವರಿಗೆ ಹೇಳೋಣ. ಇದನ್ನ ಕೇಳಿದ್ರೆ ಕುರ್ಚಿ ಏನು, ಸಿಂಹಾಸನ ಹಾಕ್ತಾರೆ."

"ಬಾಯಿ ಮುಚ್ಚು."

"ಯಾಕಮ್ಮಾ?"

"ಹೇಳಿದ್ರೆ ಏನಾಗುತ್ತೆ? ಆ ಕೌಂಟರಿನವಳು ಓಡಿಹೋಗಿ ಒಳಗೆ ಹೇಳ್ತಾಳೆ, ಆವತ್ತು ಎದ್ದು ಹೋದವಳು ಬಂದಿದ್ದಾಳೆ ಅಂತ. ಆಯಮ್ಮ ಆ ಮೌನದಲ್ಲಿ ನಿಂತಾಗ ಆಚೆ ದಡ ನೋಡ್ತಾರಾ, ಎರಡನೇ ಸಾಲು ನೋಡ್ತಾರಾ?" ಅತ್ತೆ ಆ ಪುಟದ ಕಡೆ ಬೆರಳು ಮಾಡಿದರು. "ಒಂದು ಸಲ ಅವರ ಮೌನ ಕೆಡಿಸಿದ್ದೀನಿ. ಎರಡನೇ ಸಲ ಕೆಡಿಸಲ್ಲ. ಟಿಕೆಟ್ ಸಿಕ್ಕಿದ್ರೆ ಸಾಲಲ್ಲಿ ನಿಂತೇ ಸಿಗಬೇಕು. ಆಟ ಮುಗಿದ ಮೇಲೆ ಹೇಳ್ತೀನಿ. ಅಲ್ಲಿವರೆಗೂ ಯಾರೂ ಉಸಿರು ಬಿಡೋ ಹಾಗಿಲ್ಲ."

ಆ ಶನಿವಾರ ಒಂದು ಟಿಕೆಟ್ಟೂ ವಾಪಸು ಬರಲಿಲ್ಲ.

ಇನ್ನು ಉಳಿದದ್ದು ಭಾನುವಾರ ಒಂದೇ. ಔಷಧಿ ಅಂಗಡಿಯಲ್ಲಿ ಹೆಂಡತಿಗೆ ಐದರವರೆಗೆ ಕೆಲಸ, ರಜೆ ಮುಗಿದಿತ್ತು. ಅವಳ ಜಾಗದಲ್ಲಿ ನಿಲ್ಲಲು ನಾನು ಒಪ್ಪಿಕೊಂಡೆ. ಕೆಲಸ ಮುಗಿಸಿ ಅವಳು ಬಂದ ಕೂಡಲೇ ಜಾಗ ಬಿಟ್ಟುಕೊಡುವುದೆಂದು ಯೋಜನೆ. ಬೆಳಗ್ಗೆ ಏಳಕ್ಕೆ ಅತ್ತೆ ನಮ್ಮ ಬಾಗಿಲಲ್ಲಿ. ಇಸ್ತ್ರಿ ಮಾಡಿದ ನೀಲಿ ಸೀರೆ, ಕೈಚೀಲದಲ್ಲಿ ಮಡಿಸುವ ಎರಡು ಪುಟ್ಟ ಸ್ಟೂಲು. "ಅಳಿಯಂದ್ರೇ, ಹೊರಡಿ. ಇವತ್ತು ನಮ್ಮ ಮುಂದೆ ಗೋಡೆ ಮಾತ್ರ ಇರಬೇಕು."

ಗೋಡೆ ಮಾತ್ರವೇ ಇತ್ತು. ಅತ್ತೆ ಮೊದಲು, ನಾನು ಎರಡನೆಯವನು. ಒಂಬತ್ತರ ಹೊತ್ತಿಗೆ ನಮ್ಮ ಹಿಂದೆ ಹತ್ತು ಜನ, ಮಧ್ಯಾಹ್ನಕ್ಕೆ ಸಾಲು ಎರಡನೇ ಮಹಡಿಗೆ ಇಳಿಯಿತು. ದಿನವಿಡೀ ಮೆಟ್ಟಿಲ ಮೇಲೆ ಕೂತರೆ ಅಪರಿಚಿತರೂ ನೆಂಟರಾಗುತ್ತಾರೆ. ನನ್ನ ಹಿಂದಿದ್ದ ಬೆಂಕಿ ಆರಿಸುವ ದಳದವನು ತನ್ನ ತಿಂಡಿಯ ಡಬ್ಬಿ ತೆರೆದು ಎಲ್ಲರಿಗೂ ಹಂಚಿದ. ಅವನ ಹಿಂದಿದ್ದ ಕಾಲೇಜಿನ ಹುಡುಗಿ ಅತ್ತೆಯನ್ನು, "ಆಂಟಿ, ನೀವು ಈ ನಾಟಕ ಮೊದಲು ನೋಡಿದ್ದೀರಂತೆ, ಕೊನೆ ಹೇಗಿದೆ?" ಎಂದು ಕೇಳಿದಳು. ಅತ್ತೆ ನಿಜವನ್ನೇ ಹೇಳಿದರು, "ನನಗೇನು ಗೊತ್ತಮ್ಮಾ!" ನೆಲದ ಹಲಗೆಗಳ ಸಂದಿಯಲ್ಲಿ ಹಳೆಯ ಗುಂಡಿಗಳು ಇನ್ನೂ ಸಿಕ್ಕಿಕೊಂಡಿದ್ದವು. ಅತ್ತೆ ಹೇರ್‌ಪಿನ್ನಿನಿಂದ ಒಂದೊಂದನ್ನೇ ಮೀಟಿ ತೆಗೆಯುತ್ತ ಹೊತ್ತು ಕಳೆದರು. ಕೈ ಸುಮ್ಮನಿದ್ದರೆ ಅವರಿಗೆ ಎದೆ ಬಡಿತ ಕೇಳಿಸುತ್ತದೆಯಂತೆ.

ಹನ್ನೆರಡಕ್ಕೆ ಕೌಂಟರಿನವಳು ಬಂದು, "ಇನ್ನೂ ಒಂದೂ ಬಂದಿಲ್ಲ" ಎಂದಳು. ಎರಡಕ್ಕೂ ಅದೇ. ಮೂರೂವರೆಗೆ ಒಳಗೆ ಫೋನ್ ಬಾರಿಸಿತು. ಇಡೀ ಸಾಲು ಉಸಿರು ಬಿಗಿಹಿಡಿಯಿತು. ಅವಳು ಕಿಟಕಿಯಿಂದ ತಲೆ ಹಾಕಿ, "ನೀರಿನ ಕ್ಯಾನಿನವನು" ಎಂದಳು. ನಲವತ್ತು ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಾಲ್ಕು ದಾಟಿತ್ತು. ಕೆಳಗಿನಿಂದ ಒಂದು ಕೆಮ್ಮು ಮೇಲೇರಿ ಬರತೊಡಗಿತು. ಮೊದಲು ಕೆಮ್ಮು ಬಂತು, ಹಿಂದೆಯೇ ಒಬ್ಬ ಎತ್ತರದ ಮನುಷ್ಯ, ಅವನ ಬೆನ್ನು ತಟ್ಟುತ್ತ ಅವನ ಹೆಂಡತಿ. ಅವರು ಸಾಲನ್ನು ದಾಟಿ ಮೇಲೆ ಬಂದಾಗ ಕೆಲವರು ಗುರ್ ಎಂದರು. ಆ ಹೆಂಗಸು ಕಿಟಕಿಗೆ ಬಾಗಿ, "ನೋಡಿ, ಇವರ ಸ್ಥಿತಿ ಹೀಗಿದೆ. ಇಷ್ಟು ಚಿಕ್ಕ ಜಾಗದಲ್ಲಿ ಕೂತು ಕೆಮ್ಮಿದ್ರೆ ನಾಟಕ ಹಾಳಾಗುತ್ತೆ. ಎರಡೂ ತಗೊಳ್ಳಿ" ಎಂದರು.

ಎರಡು!

ಅತ್ತೆ ಎದ್ದು ನಿಂತು ಆ ಮನುಷ್ಯನಿಗೆ ಕೈ ಮುಗಿದರು. "ಬೇಗ ಗುಣವಾಗಲಿ ಸ್ವಾಮಿ," ಎಂದು, ಒಂದು ಕ್ಷಣ ಬಿಟ್ಟು, "ನಾಳೆಯಿಂದ" ಎಂದರು.

ಐದಕ್ಕೆ ಸರಿಯಾಗಿ ಹಂಚಿಕೆ ಶುರುವಾಯಿತು. ಕೌಂಟರಿನವಳು ಅತ್ತೆಯ ಅಂಗೈ ಹಿಂಬದಿಗೆ ಗುಂಡಿಯ ಆಕಾರದ ಒಂದು ನೇರಳೆ ಮುದ್ರೆ ಒತ್ತಿದಳು. ಈ ವಾರದಲ್ಲಿ ಮೊದಲ ಬಾರಿಗೆ ಅವಳೂ ನಕ್ಕಳು. ಆಮೇಲೆ ನನ್ನ ಕೈ ಹಿಡಿದಳು.

"ಇದು ನನ್ನ ಹೆಂಡತಿಗೆ," ಎಂದೆ. "ಈಗ ಬರ್ತಾಳೆ, ಇನ್ನೊಂದು ಕಾಲು ಗಂಟೆ."

"ಇಲ್ಲ ಸರ್. ನಿಂತವರಿಗೆ ಮಾತ್ರ. ಮುದ್ರೆ ಬಿದ್ದ ಕೈಯೇ ಒಳಗೆ ಬರಬೇಕು. ನಿಮಗೆ ಬೇಡ ಅಂದ್ರೆ ಮುಂದಿನವರಿಗೆ."

ನಾನು ಹಿಂದೆ ನೋಡಿದೆ. ಬೆಂಕಿ ದಳದವನು ಆಗಲೇ ಕೈ ಚಾಚಿದ್ದ. ಅತ್ತೆ ನನ್ನ ಮೊಣಕೈ ತಿವಿದರು. "ಒತ್ತಿಸ್ಕೊಳ್ಳಿ! ಇಷ್ಟು ನೂಕುನುಗ್ಗಲಲ್ಲಿ ದಾನ ಮಾಡ್ತಾರಾ ಯಾರಾದ್ರೂ?" ನಾನು ಒತ್ತಿಸಿಕೊಂಡೆ.

ಐದೂಕಾಲಿಗೆ ಹೆಂಡತಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಚಹಾದ ಫ್ಲಾಸ್ಕ್ ಹಿಡಿದು ಮಾವ. ನಾನು ಕೈ ತೋರಿಸಿದೆ. ಅವಳು ಮುದ್ರೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಮುದ್ರೆ ನೋಡಿದಳು.

"ನಿಮಗೆ?" ಎಂದಳು. "ಸಿನಿಮಾದಲ್ಲೂ ನಿದ್ದೆ ಮಾಡೋ ನಿಮಗೆ?"

ತಪ್ಪೊಪ್ಪಿಕೊಳ್ಳುವ ಮುಖ ಮಾಡಿದೆ. ಅವಳಿಗೆ ಸಿಟ್ಟು ಎಷ್ಟು ಏರಿತೋ ಅಷ್ಟೇ ಬೇಗ ನಗು ಉಕ್ಕಿತು. ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಗಿ. ಆದ್ರೆ ರೆಪ್ಪೆ ಮುಚ್ಚಿದ್ರೋ, ಮನೆ ಕಡೆ ತಲೆ ಹಾಕ್ಬೇಡಿ. ನಾನೂ ಅಪ್ಪನೂ ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀವಿ."

ಏಳಕ್ಕೆ ಬಾಗಿಲು ತೆರೆಯಿತು. ನಲವತ್ತೆಂಟು ಕುರ್ಚಿ, ಒಂದರಂತೆ ಇನ್ನೊಂದಿಲ್ಲ. ಶಾಲೆಯ ಮರದ ಕುರ್ಚಿ, ಕ್ಷೌರದಂಗಡಿಯ ತಿರುಗುವ ಕುರ್ಚಿ, ಊಟದ ಮೇಜಿನವು, ಒಂದು ಬೆತ್ತದ್ದು. ಮೂರು ಸಾಲು ಅಷ್ಟೇ. ಅತ್ತೆ ಎರಡನೇ ಸಾಲಿನ ನಡುವಿನ ಬೆತ್ತದ ಕುರ್ಚಿಗೆ ನೇರವಾಗಿ ಹೋಗಿ ಕೂತರು, ಅದು ಹುಟ್ಟಿದಾಗಿನಿಂದ ತಮ್ಮದೇ ಎಂಬಂತೆ. ನಾನು ಪಕ್ಕದ ಶಾಲೆಯ ಕುರ್ಚಿಯಲ್ಲಿ ಮೊಣಕಾಲು ಮಡಿಸಿಕೊಂಡೆ. ಎದುರಿಗೆ ಬರಿ ನೆಲ, ಒಂದು ಹಲಗೆಯ ಪೆಟ್ಟಿಗೆ, ದೋಣಿಯ ಒಂದು ಹುಟ್ಟು.

ನಟಿ ಬಂದರು. ಕುಳ್ಳಗಿನ, ಸ್ವಲ್ಪ ಬಾಗಿದ ಮುದುಕಿ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರ. ಹುಟ್ಟನ್ನು ಎತ್ತಿಕೊಂಡು ಪೆಟ್ಟಿಗೆಯ ಮೇಲೆ ಕಾಲಿಟ್ಟದ್ದೇ ತಡ, ಬೆನ್ನು ನೆಟ್ಟಗಾಯಿತು, ತೋಳಿಗೆ ಬಲ ಬಂತು, ನನ್ನ ಕಾಲಡಿಯ ಹಲಗೆ ನೀರಾಯಿತು. ಸಂತೆಗೆ ಹೋಗುವ ಜಗಳಗಂಟ ಅಣ್ಣತಮ್ಮಂದಿರು, ಗಂಡನ ಮನೆಗೆ ಹೊರಟ ಹುಡುಗಿ, ಕುಡುಕ, ಪೊಲೀಸಿನವನು, ಎಲ್ಲರೂ ಅದೇ ಮುಖದಲ್ಲಿ ಹತ್ತಿ ಇಳಿದರು. ದೋಣಿ ಬಂಡೆಗೆ ತಗಲುವ ಕಡೆ ನಾನು ಬಲಗಾಲಲ್ಲಿ ಬ್ರೇಕ್ ಒತ್ತಿದೆ, ಮುಂದಿನವರ ಕುರ್ಚಿ ಅಲ್ಲಾಡಿತು. ನಿದ್ದೆಯ ಮಾತೆಲ್ಲಿ!

ಮಂಜು ಕವಿಯಿತು. ದೋಣಿ ಗೂಟಕ್ಕೆ ಕಟ್ಟಿದ್ದಾಯಿತು. ನಟಿ ನಮಗೆ ಬೆನ್ನು ಮಾಡಿ, ಎಲ್ಲೋ ದೂರದಿಂದೆಂಬಂತೆ ಕೂಗಿದರು: "ದೋಣೀ... ಓ ದೋಣೀ!"

ಹಾಗೇ ತಿರುಗಿ, ಕಿವಿಗೊಟ್ಟು ನಿಂತರು.

ಆ ಒಂದು ನಿಮಿಷವನ್ನು ನಾನು ಮರೆಯಲಾರೆ. ಯಾರದೋ ಗಡಿಯಾರದ ಟಿಕ್ ಟಿಕ್, ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು. ನಟಿಯ ಕಣ್ಣು ನಮ್ಮ ತಲೆಯ ಮೇಲಿಂದ ಆಚೆ ದಡವನ್ನು ಹುಡುಕುತ್ತಿತ್ತು. ಅತ್ತೆ ನನ್ನ ಕೈಯನ್ನು ಹಿಡಿದರು. ಮೂವತ್ತೈದು ವರ್ಷ ಹೊದಿಕೆ ಕೊಡವಿ ಮಡಿಸಿದ ಕೈ ಅದು, ನನ್ನ ಬೆರಳುಗಳು ಪಟಪಟ ಎಂದವು. ಅವರು ಕೂಗಿಬಿಡುತ್ತಾರೆ, ಎದ್ದುಬಿಡುತ್ತಾರೆ ಎಂದು ನನಗೆ ಭಯ. ಅವರು ಅಲುಗಲಿಲ್ಲ. ಕುರ್ಚಿಯ ಬೆತ್ತ ಕೂಡ ಕಿರುಗುಟ್ಟಲಿಲ್ಲ. ಉಸಿರಾಡುತ್ತಿದ್ದರೋ ಇಲ್ಲವೋ. ನಿಮಿಷ ಪೂರ್ತಿಯಾಯಿತು. ದೋಣಿಯವಳು ಹುಟ್ಟು ಎತ್ತಿಕೊಂಡಳು.

ಆಚೆ ದಡದಲ್ಲಿ ಕೂಗಿದ್ದು ಸೇತುವೆ ಕಟ್ಟಿದ ಇಂಜಿನಿಯರು. ನಾಳೆ ಎಲ್ಲರಿಗಿಂತ ಮೊದಲು ಅದರ ಮೇಲೆ ನಡೆಯಬೇಕಾದವನು. ಅವನಿಗೆ ತನ್ನ ಸೇತುವೆಯ ಮೇಲೆ ಕಾಲಿಡಲು ಹೆದರಿಕೆ. ಲೆಕ್ಕವೆಲ್ಲ ಸರಿಯಿದೆ, ಕಾಲು ಮಾತ್ರ ಒಪ್ಪುತ್ತಿಲ್ಲ. ದೋಣಿಯವಳು ಬೈಯುತ್ತಲೇ ಅವನನ್ನು ಕರೆತರುತ್ತಾಳೆ. ನಡುನೀರಿನಲ್ಲಿ ಅವನು ಅಳುತ್ತಾನೆ. ದಡ ಮುಟ್ಟಿದ ಮೇಲೆ, ಅವನ ಕೈ ಹಿಡಿದುಕೊಂಡು, ತಾನೇ ಅವನನ್ನು ಸೇತುವೆಯ ಮೇಲೆ ನಡೆಸಿಕೊಂಡು ಹೋಗುತ್ತಾಳೆ. ದೋಣಿ ಹಿಂದೆ ಉಳಿಯುತ್ತದೆ. ದೀಪ ಆರುತ್ತದೆ.

ನಲವತ್ತೆಂಟು ಜನ ಎದ್ದು ನಿಂತರು. ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಎಲ್ಲರೂ ಹೊರಟರು. ಅತ್ತೆ ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ನಟಿ, ಕೊರಳಿಗೆ ಟವೆಲ್ ಹಾಕಿಕೊಂಡು, ತಮ್ಮ ಹುಟ್ಟನ್ನು ತಾವೇ ಎತ್ತಿಡಲು ಹೊರಗೆ ಬಂದರು. ಎರಡನೇ ಸಾಲಿನಲ್ಲಿ ನಾವಿಬ್ಬರು.

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ನಾನು ಭುಜ ತಟ್ಟಿದೆ.

"ಅಮ್ಮಾ," ಎಂದರು ಅತ್ತೆ. "ಆವತ್ತು ಎದ್ದು ಹೋದವಳು ನಾನೇ."

ನಟಿಗೆ ಯಾವ ಆವತ್ತು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹುಟ್ಟನ್ನು ಹಿಡಿದೇ ಪೆಟ್ಟಿಗೆಯ ಮೇಲೆ ಕುಸಿದು ಕೂತರು. "ಯಾಕೆ?" ಎಂದರು, ತೀರ ಸಣ್ಣ ದನಿಯಲ್ಲಿ.

"ಹೆರಿಗೆ ನೋವು."

"ಏನು?"

"ಹೆರಿಗೆ ನೋವು ಬಂತು ಅಮ್ಮಾ. ಇಲ್ದಿದ್ರೆ ನಾನು ಎದ್ದು ಹೋಗ್ತಿದ್ನಾ? ಬಾಗಿಲವರೆಗೂ ಹಿಂದೆ ತಿರುಗಿ ತಿರುಗಿ ನೋಡ್ಕೊಂಡೇ ಹೋದೆ."

ನಟಿ ತೊಡೆ ಬಡಿದುಕೊಂಡು ನಗತೊಡಗಿದರು. ಆ ಪುಟ್ಟ ದೇಹದಿಂದ ಅಷ್ಟು ದೊಡ್ಡ ನಗು! "ಹೆರಿಗೆ! ನಾನು ಏನೇನು ಅಂದ್ಕೊಂಡಿದ್ದೆ! ನನ್ನ ದನಿ ಸರಿಯಿಲ್ಲ, ನಿಲುವು ಸರಿಯಿಲ್ಲ... ಹೆರಿಗೆಯಂತೆ!" ಕಣ್ಣು ಒರೆಸಿಕೊಂಡರು. "ಮಗು?"

"ಹೊರಗೆ ಮೆಟ್ಟಿಲ ಮೇಲೆ ಕೂತಿದೆ. ಟಿಕೆಟ್ ಸಿಗಲಿಲ್ಲ."

ನಾನು ಓಡಿಹೋಗಿ ಹೆಂಡತಿಯನ್ನೂ ಮಾವನನ್ನೂ ಕರೆತಂದೆ. ನಟಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ನೀನೇ ಏನಮ್ಮಾ ನನ್ನ ಮೌನ ಕಿತ್ಕೊಂಡವಳು?" ಎಂದು ಕಿವಿ ಹಿಂಡಿದರು. ನನ್ನ ಹೆಂಡತಿ ಕೂಸಿನ ಹಾಗೆ ಕಣ್ಣು ತುಂಬಿಕೊಂಡಳು. ಕೌಂಟರಿನವಳು ದೀಪ ಆರಿಸಲು ಬಂದವಳು, ಬಾಗಿಲಲ್ಲೇ ನಿಂತುಬಿಟ್ಟಳು.

"ಈಗ ಹೇಳಿ," ನಟಿ ಅತ್ತೆಯ ಕಡೆ ತಿರುಗಿದರು. "ಇಷ್ಟು ವರ್ಷ ಕಾದ್ರಿ. ಕೊನೆ ಹೇಗಿತ್ತು?"

ಅತ್ತೆ ಸುಳ್ಳು ಹೇಳುವವರಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿದರು. "ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು." ಹುಟ್ಟಿನ ಕಡೆ ನೋಡಿದರು. "ಆದ್ರೆ ನಾನು ಅಂದ್ಕೊಂಡಿದ್ದು ಬೇರೆ."

"ಅಮ್ಮಾ!" ನನ್ನ ಹೆಂಡತಿ ಗದರಿದಳು.

"ಇರಮ್ಮಾ ನೀನು," ಎಂದರು ನಟಿ. "ಏನು ಅಂದ್ಕೊಂಡಿದ್ರಿ?"

"ಹೊದಿಕೆ ಮಡಿಸೋವಾಗೆಲ್ಲ ಯೋಚಿಸ್ತಿದ್ದೆ. ಆಚೆ ದಡದಲ್ಲಿ ಕೂಗಿದ್ದು ಒಬ್ಬ ಬಸುರಿ ಹೆಂಗಸು. ದಿನ ತುಂಬಿದೆ, ಸೇತುವೆ ಇನ್ನೂ ತೆರೆದಿಲ್ಲ, ಇವಳು ಹೋಗದೆ ವಿಧಿಯಿಲ್ಲ. ನಡುನೀರಲ್ಲಿ ಮಗು ಹುಟ್ಟಿಬಿಡುತ್ತೆ. ಈ ದಡದವರು ನಮ್ಮೂರ ಮಗು ಅಂತಾರೆ, ಆ ದಡದವರು ನಮ್ಮದು ಅಂತಾರೆ. ದೋಣಿಯವಳು..."

"ತಡೀರಿ," ನಟಿ ಕೈ ಎತ್ತಿದರು. ಎದ್ದು ಬಂದು ಮೊದಲನೇ ಸಾಲಿನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು, ಅತ್ತೆಯ ಕಡೆಗೆ ಹುಟ್ಟು ಚಾಚಿದರು. "ಹಾಗೆಲ್ಲ ಹೇಳೋದಾದ್ರೆ ಅಲ್ಲಿ ಪೆಟ್ಟಿಗೆ ಮೇಲೆ ನಿಂತು ಹೇಳಿ."

ಅತ್ತೆ ನಮ್ಮನ್ನೆಲ್ಲ ಒಂದು ಸಲ ನೋಡಿದರು. ಮಾವ ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡು ಮೂರನೇ ಸಾಲಿನಲ್ಲಿ ಕೂತು, "ಹೂಂ, ನಡೀಲಿ ಕಣೇ, ಜೋರಾಗಿ ಹೇಳು, ನನಗೆ ಕೇಳಿಸ್ಬೇಕು" ಎಂದರು. ಕೌಂಟರಿನವಳು ಬಾಗಿಲು ಮುಂದೆ ಮಾಡಿ ಒಳಗೆ ಬಂದು ಕೂತಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಹುಟ್ಟು ತೆಗೆದುಕೊಂಡರು, ಪೆಟ್ಟಿಗೆ ಹತ್ತಿದರು. ಉರುಳೆಯ ಮುಂದೆ ಹೊದಿಕೆ ಹಿಡಿದಾಗಿನ ಹಾಗೆಯೇ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟು ಸಮತೋಲ ನೋಡಿಕೊಂಡರು.

"ಗಾಳಿ ಜೋರಾಗಿದೆಯಾ?" ನಟಿ ಕೇಳಿದರು.

"ಜೋರಾ?" ಎಂದರು ಅತ್ತೆ. "ಎಲ್ರೂ ಕುರ್ಚಿ ಗಟ್ಟಿ ಹಿಡ್ಕೊಳ್ಳಿ!"